ಮೀಟರ್ ಬೋರ್ಡ್ ಬದಲಿಸುವ ಮುಂಚೆ ಅರ್ಥಿಂಗ್ ನೋಡಿ

ಜೇವರ್ಗಿಯಿಂದ ಕಲಬುರಗಿಗೆ ಬರುತ್ತಿದ್ದ ಒಂದು ರಾತ್ರಿ, ನಮ್ಮ ಹಳೆಯ ಡೀಸೆಲ್ ಜೀಪಿನ ಮೀಟರ್ ಬೋರ್ಡಿನ ಮುಳ್ಳುಗಳು ಕುಣಿಯುವುದನ್ನು ಮೊದಲ ಸಲ ಗಮನಿಸಿದೆ. ಎಡಕ್ಕೆ ತಿರುಗಲು ಇಂಡಿಕೇಟರ್ ಹಾಕಿದ್ದೆ. ಟಿಕ್ ಟಿಕ್ ಅನ್ನುವ ಪ್ರತಿ ಸದ್ದಿಗೂ ಡೀಸೆಲ್ ಮೀಟರಿನ ಮುಳ್ಳು ಸಣ್ಣಗೆ ಹಾರಿ ಮತ್ತೆ ಕೂರುತ್ತಿತ್ತು. ಪಕ್ಕದ ಹೀಟ್ ಮೀಟರಿನ ಮುಳ್ಳೂ ಅದೇ ತಾಳಕ್ಕೆ ನಡುಗುತ್ತಿತ್ತು. ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿ ಹೆಡ್‌ಲೈಟ್ ಆರಿಸಿದೆ. ಎರಡೂ ಮುಳ್ಳು ಸ್ವಲ್ಪ ಇಳಿದು ಸುಮ್ಮನಾದವು. ಲೈಟ್ ಹಾಕಿದೆ, ಮತ್ತೆ ಏರಿದವು.

ಮರುದಿನ ಒಂದು ಗ್ಯಾರೇಜಿಗೆ ಹೋದರೆ, ಇಣುಕಿ ನೋಡಿ ಒಂದೇ ಮಾತು ಹೇಳಿದರು: "ಮೀಟರ್ ಬೋರ್ಡೇ ಹೋಗ್ಯಾದ್ರಿ, ಹೊಸಾದು ತರಸಬೇಕು." ಇಪ್ಪತ್ತು ವರ್ಷ ದಾಟಿದ ಗಾಡಿಗೆ ಹೊಸ ಮೀಟರ್ ಬೋರ್ಡ್ ಸಿಗುವುದೇ ಕಷ್ಟ. ಸಿಕ್ಕರೂ ದುಬಾರಿ. ಮನಸ್ಸು ಒಪ್ಪಲಿಲ್ಲ. ಸ್ಟೇಷನ್ ಬಜಾರ್ ಕಡೆ ಹಳೇ ಗಾಡಿಗಳ ವೈರಿಂಗ್ ಮಾಡುವ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಚಾಚಾ ಅಂತಲೇ ಕರೆಯುತ್ತಾರೆ. ಗಾಡಿಯನ್ನು ಅವರ ಹತ್ತಿರ ಒಯ್ದೆ.

ಅವರು ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳಲೇ ಇಲ್ಲ. "ಎರಡೂ ಮುಳ್ಳು ಒಮ್ಮೆಗೇ ಅಳ್ಳಾಡ್ತಾವೇನ್ರಿ?" ಅಂತ ಕೇಳಿದರು. ಹೌದು ಚಾಚಾ, ಅಂದೆ. "ಹಂಗಾದ್ರ ಮೀಟರ್‌ದು ತಪ್ಪಿಲ್ಲ. ಎರಡು ಮೀಟರ್ ಒಂದೇ ದಿನ ಕೂಡಿ ಕೆಡೂದಿಲ್ರಿ."

ಹಳೇ ಗಾಡಿ ಇಟ್ಟುಕೊಂಡವರೆಲ್ಲ ಈ ಮಾತನ್ನು ನೆನಪಿಟ್ಟುಕೊಳ್ಳಬೇಕು ಅನ್ನುವುದು ನನ್ನ ಆಸೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಣ್ಣಿಗೆ ಕಾಣುವುದು ಮುಳ್ಳು. ಹಾಗಾಗಿ ನಮ್ಮ ಸಿಟ್ಟೆಲ್ಲ ಮುಳ್ಳಿನ ಮೇಲೆ, ಮೀಟರ್ ಬೋರ್ಡಿನ ಮೇಲೆ. ಆದರೆ ಮೀಟರಿಗೆ ಸ್ವಂತವಾಗಿ ಏನೂ ಗೊತ್ತಿಲ್ಲ. ಟ್ಯಾಂಕಿನ ಒಳಗಿರುವ ಫ್ಲೋಟ್ ಹೇಳಿದ್ದನ್ನು, ಇಂಜಿನ್ನಿನಲ್ಲಿರುವ ಸೆನ್ಸರ್ ಹೇಳಿದ್ದನ್ನು ಅದು ನಮಗೆ ಮುಟ್ಟಿಸುತ್ತದೆ, ಅಷ್ಟೇ. ಆ ಸುದ್ದಿ ಬರುವ ದಾರಿಯಲ್ಲಿ ಎಲ್ಲಿ ಕೆಟ್ಟಿದ್ದರೂ ಸುಳ್ಳು ಹೇಳುವುದು ಮಾತ್ರ ಮುಳ್ಳೇ.

ಆ ದಾರಿ ಹೀಗಿದೆ. ಬ್ಯಾಟರಿಯ ಪ್ಲಸ್‌ನಿಂದ ಕರೆಂಟು ಹೊರಟು, ಕೀ ಸ್ವಿಚ್ ದಾಟಿ, ಫ್ಯೂಸ್ ದಾಟಿ ಮೀಟರಿಗೆ ಬರುತ್ತದೆ. ಮೀಟರಿನಿಂದ ಒಂದು ತೆಳು ವೈರು ಟ್ಯಾಂಕಿನ ಫ್ಲೋಟಿಗೋ ಇಂಜಿನ್ನಿನ ಸೆನ್ಸರಿಗೋ ಹೋಗುತ್ತದೆ. ಅಲ್ಲಿಂದ ಗಾಡಿಯ ಬಾಡಿಗೆ ಇಳಿದು, ತಗಡಿನ ಮೂಲಕವೇ ಬ್ಯಾಟರಿಯ ಮೈನಸ್‌ಗೆ ವಾಪಸ್ ಬರುತ್ತದೆ. ಅಂದರೆ ಗಾಡಿಯ ಬಾಡಿಯೇ ಒಂದು ದೊಡ್ಡ ವೈರು ಇದ್ದ ಹಾಗೆ. ಮೀಟರ್ ಬೋರ್ಡಿನ ಲೈಟುಗಳೂ ಇದೇ ರೀತಿ ಬಾಡಿಗೆ ಇಳಿಯಬೇಕು. ಹೀಗೆ ಇಳಿಯುವ ಜಾಗಕ್ಕೇ ಅರ್ಥಿಂಗ್ ಅನ್ನುವುದು. ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಕೆಳಗೆ, ಪೆಡಲ್ ಪಕ್ಕದ ತಗಡಿಗೆ ಒಂದು ಬೋಲ್ಟ್ ಇರುತ್ತದೆ. ನಾಲ್ಕೈದು ವೈರುಗಳ ತುದಿಗಳು ಅದೊಂದೇ ಬೋಲ್ಟಿಗೆ ಬಿಗಿದಿರುತ್ತವೆ.

ಆ ಬೋಲ್ಟ್ ತುಕ್ಕು ಹಿಡಿದರೆ ಏನಾಗುತ್ತದೆ? ಹೊಲಕ್ಕೆ ನೀರು ಬಿಟ್ಟಾಗ ಕಾಲುವೆಯಲ್ಲಿ ಕಸ ಕಟ್ಟಿಕೊಂಡರೆ ನೀರು ನಿಲ್ಲುವುದಿಲ್ಲ, ಹಿಂದಕ್ಕೆ ಒತ್ತಿ ಪಕ್ಕದ ಮಡಿಗೆ ನುಗ್ಗುತ್ತದೆ. ಇದೂ ಹಾಗೇ. ಲೈಟಿನ ಕರೆಂಟಿಗೆ ಬಾಡಿಗೆ ಇಳಿಯಲು ಸರಿಯಾದ ದಾರಿ ಸಿಗದಿದ್ದಾಗ ಅದು ಮೀಟರುಗಳ ಕಡೆ ಒತ್ತುತ್ತದೆ. ಹೆಡ್‌ಲೈಟ್ ಹಾಕಿದರೆ ಮುಳ್ಳು ಏರುವುದು, ಇಂಡಿಕೇಟರ್ ತಾಳಕ್ಕೆ ಕುಣಿಯುವುದು, ಇದೆಲ್ಲ ಅದರದೇ ಗುರುತು.

ಚಾಚಾ ಇದನ್ನು ತೋರಿಸಿಕೊಟ್ಟ ರೀತಿ ಈಗಲೂ ಕಣ್ಣ ಮುಂದಿದೆ. ಒಂದು ಉದ್ದನೆಯ ವೈರು ತೆಗೆದುಕೊಂಡು ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ ಕ್ಲಿಪ್ ಹಾಕಿದರು. ವೈರನ್ನು ಬಾಗಿಲಿನಿಂದ ಒಳಗೆ ತಂದರು. ಕೀ ಆನ್, ಹೆಡ್‌ಲೈಟ್ ಆನ್, ಇಂಡಿಕೇಟರ್ ಆನ್. ಮುಳ್ಳುಗಳು ಕುಣಿಯುತ್ತಿದ್ದವು. ಪೆಡಲ್ ಪಕ್ಕದ ಬೋಲ್ಟಿಗೆ ಕಟ್ಟಿದ್ದ ವೈರಿನ ತಾಮ್ರದ ತುದಿಗೆ, ತಮ್ಮ ಕೈಯಲ್ಲಿದ್ದ ವೈರಿನ ಇನ್ನೊಂದು ತುದಿ ಮುಟ್ಟಿಸಿದರು. ಎರಡೂ ಮುಳ್ಳು ಅಲ್ಲೇ ನಿಂತವು. ಕೈ ತೆಗೆದರು, ಕುಣಿತ ಶುರು. ಮುಟ್ಟಿಸಿದರು, ಶಾಂತ. ಮೀಟರ್ ಬೋರ್ಡಿನ ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ.

ಆಮೇಲೆ ಅವರು ಮಲ್ಟಿಮೀಟರ್ ಹಿಡಿದು ಅಳೆದೂ ತೋರಿಸಿದರು. ಇದನ್ನು ನೀವೂ ಮನೆಯಲ್ಲಿ ಮಾಡಬಹುದು. ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಕೆಂಪು ಕಡ್ಡಿ ಮೀಟರಿನ ಅರ್ಥಿಂಗ್ ವೈರಿನ ತುದಿಗೆ. ಕೀ ಮತ್ತು ಲೈಟುಗಳು ಆನ್ ಇರಲೇಬೇಕು. ಕರೆಂಟು ಹರಿಯದಿದ್ದರೆ ತಪ್ಪು ಕಾಣಿಸುವುದಿಲ್ಲ. ಅರ್ಥಿಂಗ್ ಚೆನ್ನಾಗಿದ್ದರೆ ಸೊನ್ನೆಯ ಹತ್ತಿರ, ಜಾಸ್ತಿ ಅಂದರೆ 0.1 ಅಥವಾ 0.2 ವೋಲ್ಟ್ ಬರಬೇಕು. ನಮ್ಮ ಜೀಪಿನಲ್ಲಿ 1.8 ಇತ್ತು. ಬೋಲ್ಟ್ ಬಿಚ್ಚಿದರೆ ತಾಮ್ರದ ತುದಿಯ ಮೇಲೆ ಹಸಿರು ಪುಡಿ, ಕೆಳಗೆ ತಗಡಿಗೆ ಕೆಂಪು ತುಕ್ಕು. ಪಾಲಿಶ್ ಪೇಪರಿನಲ್ಲಿ ತಗಡು ಮಿನುಗುವವರೆಗೆ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿದರು. ಮತ್ತೆ ಅಳೆದಾಗ 0.04.

ನಮ್ಮ ಕಡೆ ಈ ತೊಂದರೆ ಯಾಕೆ ಬರುತ್ತದೆ ಅಂತ ನೋಡಿದರೆ ಆಶ್ಚರ್ಯವೇನಿಲ್ಲ. ಸೇಡಂ, ಚಿತ್ತಾಪುರ, ವಾಡಿ ಕಡೆ ಓಡಾಡಿದರೆ ಸುಣ್ಣಕಲ್ಲಿನ ಪುಡಿ ಗಾಡಿಯ ಸಂದುಗೊಂದಿಗೆಲ್ಲ ಹೋಗುತ್ತದೆ. ಹೊಲದ ದಾರಿಯಲ್ಲಿ ಎರೆಮಣ್ಣಿನ ಧೂಳು. ಒಣ ಧೂಳು ಅಷ್ಟು ತೊಂದರೆ ಕೊಡುವುದಿಲ್ಲ. ಮಳೆಗಾಲದ ತೇವ ಸೇರಿದಾಗ ಅದು ಬೋಲ್ಟು, ಕಪ್ಲರುಗಳ (ವೈರು ಜೋಡಿಸುವ ಪ್ಲಾಸ್ಟಿಕ್ ಗೂಡುಗಳ) ಮೇಲೆ ಹಸಿಯಾಗಿ ಕೂತು ತುಕ್ಕನ್ನು ಬೆಳೆಸುತ್ತದೆ. ಇನ್ನು ಇಲಿ. ತೊಗರಿ ರಾಶಿಯ ಹೊತ್ತಿಗೆ ಗಾಡಿಯನ್ನು ಹೊಲದಲ್ಲೋ ಕಾಳಿನ ಚೀಲಗಳ ಪಕ್ಕದಲ್ಲೋ ನಿಲ್ಲಿಸಿದ್ದರೆ, ಡ್ಯಾಶ್‌ಬೋರ್ಡಿನ ಕೆಳಗಿನ ವೈರುಗಳನ್ನು ಒಮ್ಮೆ ಟಾರ್ಚ್ ಹಿಡಿದು ನೋಡಿ. ಇಲಿ ಕಚ್ಚಿದ ವೈರಿನ ಹತ್ತಿರ ಪ್ಲಾಸ್ಟಿಕ್ಕಿನ ಚೂರುಗಳು ಬಿದ್ದಿರುತ್ತವೆ.

ಹಾಗಾದರೆ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಕೆಟ್ಟಿರುವುದು ಒಂದು ಮುಳ್ಳೋ, ಎಲ್ಲವೋ?

ಎಲ್ಲವೂ ಸತ್ತಿದ್ದರೆ ಮೊದಲು ಫ್ಯೂಸ್. ಫ್ಯೂಸನ್ನು ಸುಮ್ನೆ ಕಣ್ಣಲ್ಲಿ ನೋಡಿ ಬಿಡಬೇಡಿ. ಕೂದಲಿನಷ್ಟು ಬಿರುಕು ಬಿಟ್ಟಿದ್ದರೆ ಕಾಣುವುದಿಲ್ಲ. ಕೀ ಆನ್ ಮಾಡಿ, ಫ್ಯೂಸಿನ ಎರಡೂ ಕಡೆ ಟೆಸ್ಟ್ ಲ್ಯಾಂಪ್ (ಒಂದು ತುದಿಯನ್ನು ಬಾಡಿಗೆ ಸಿಕ್ಕಿಸುವ ಪರೀಕ್ಷೆಯ ಬಲ್ಬ್) ಮುಟ್ಟಿಸಿ. ಒಂದು ಕಡೆ ಉರಿದು ಇನ್ನೊಂದು ಕಡೆ ಉರಿಯದಿದ್ದರೆ ಫ್ಯೂಸ್ ಹೋಗಿದೆ. ಹೊಸದು ಹಾಕುವಾಗ ಅದೇ ಆಂಪಿಯರಿನದು ಹಾಕಿ. ಅದೂ ಸುಟ್ಟರೆ ಎಲ್ಲೋ ವೈರು ಬಾಡಿಗೆ ತಾಗುತ್ತಿದೆ ಅಂತ ಅರ್ಥ. ದೊಡ್ಡ ಫ್ಯೂಸ್ ಹಾಕಿದರೆ ಮುಂದೆ ಸುಡುವುದು ವೈರು. ಫ್ಯೂಸಿನ ಬದಲು ತಂತಿ ಸುತ್ತಿದ ಗಾಡಿಗಳನ್ನು ನೋಡಿದಾಗ ನನಗೆ ನಿಜವಾಗಿ ಭಯವಾಗುತ್ತದೆ.

ಡೀಸೆಲ್ ಮತ್ತು ಹೀಟ್ ಎರಡೂ ಒಟ್ಟಿಗೆ ಜಾಸ್ತಿ ತೋರಿಸುತ್ತಿದ್ದರೆ ಬೇರೆ ಕಥೆ. ತುಂಬ ಹಳೆಯ ಗಾಡಿಗಳಲ್ಲಿ ಮುಳ್ಳು ಕೀ ಹಾಕಿದ ಕೂಡಲೇ ಏರುವುದಿಲ್ಲ, ನಿಧಾನಕ್ಕೆ ತೆವಳುತ್ತಾ ಏರುತ್ತದೆ. ಅದರೊಳಗೆ ಎರಡು ಲೋಹ ಅಂಟಿಸಿದ ಒಂದು ಪಟ್ಟಿ ಇರುತ್ತದೆ. ಕರೆಂಟಿಗೆ ಬಿಸಿಯಾಗಿ ಅದು ಬಾಗುತ್ತದೆ, ಮುಳ್ಳನ್ನು ತಳ್ಳುತ್ತದೆ. ಈ ನಮೂನೆಯ ಮೀಟರಿಗೆ ವೋಲ್ಟೇಜ್ ಒಂದೇ ಸಮ ಇರಬೇಕು. ಆದರೆ ಇಂಜಿನ್ ನಿಂತಾಗ ಬ್ಯಾಟರಿ 12.6 ವೋಲ್ಟ್ ಆಸುಪಾಸು, ಓಡುವಾಗ 14ರ ಆಸುಪಾಸು. ಅದಕ್ಕೇ ಮೀಟರಿನ ಹಿಂದೆ ಸ್ಟೆಬಿಲೈಸರ್ ಅನ್ನುವ ಸಣ್ಣ ಡಬ್ಬಿ ಇಟ್ಟಿರುತ್ತಾರೆ. ಅದು ಕೆಟ್ಟರೆ ಅಥವಾ ಅದರ ಅರ್ಥಿಂಗ್ ಬಿಟ್ಟರೆ, ಬ್ಯಾಟರಿಯ ಪೂರ್ತಿ ವೋಲ್ಟೇಜ್ ಮೀಟರಿಗೆ ನುಗ್ಗಿ ಎರಡೂ ಮುಳ್ಳು ಏರಿ ಕೂರುತ್ತವೆ. ಇಂಜಿನ್ ಬಿಸಿಯಾಗಿದೆ ಅಂತ ರೇಡಿಯೇಟರ್ ಬದಲಿಸುವ ಮುಂಚೆ, ಅದೇ ಹೊತ್ತಿಗೆ ಟ್ಯಾಂಕೂ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತಿದೆಯಾ ನೋಡಿ.

ಒಂದೇ ಮುಳ್ಳು ಕೆಟ್ಟಿದ್ದರೆ ಅದರದೇ ದಾರಿಯನ್ನು ಹಿಡಿದು ಹೋಗಬೇಕು. ಅರ್ಥಿಂಗ್ ಸರಿಯಾದ ಮೇಲೆ ನಮ್ಮ ಜೀಪಿನಲ್ಲಿ ಎರಡನೇ ತೊಂದರೆ ಹೊರಗೆ ಬಂತು. ಕುಣಿತದಲ್ಲಿ ಅದು ಮುಚ್ಚಿಹೋಗಿತ್ತು. ಟ್ಯಾಂಕ್ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಬಂದಾಗ ಮುಳ್ಳು ದಿಢೀರನೆ ಸೊನ್ನೆಗೆ ಬೀಳುತ್ತಿತ್ತು. ಇನ್ನೊಂದಷ್ಟು ಓಡಿಸಿದರೆ ಕಾಲು ಟ್ಯಾಂಕಿಗೆ ಎದ್ದು ಬರುತ್ತಿತ್ತು.

ಟ್ಯಾಂಕಿನ ಫ್ಲೋಟ್ ಅಂದರೆ ತೇಲುವ ಒಂದು ಉಂಡೆ, ಅದಕ್ಕೊಂದು ಕೈ, ಆ ಕೈಯ ಇನ್ನೊಂದು ತುದಿ ರೆಸಿಸ್ಟನ್ಸ್ ಪಟ್ಟಿಯ ಮೇಲೆ ಉಜ್ಜುತ್ತಾ ಹೋಗುವುದು. ಎಣ್ಣೆ ಇಳಿದಂತೆ ಉಂಡೆ ಇಳಿಯುತ್ತದೆ, ಓಮ್, ಅಂದರೆ ಕರೆಂಟಿಗೆ ಪಟ್ಟಿ ಒಡ್ಡುವ ತಡೆಯ ಅಳತೆ, ಬದಲಾಗುತ್ತದೆ, ಮುಳ್ಳು ಇಳಿಯುತ್ತದೆ. ತಪ್ಪು ಫ್ಲೋಟಿನಲ್ಲೋ ಮೀಟರಿನಲ್ಲೋ ಅಂತ ತಿಳಿಯಲು ಸುಲಭದ ಪರೀಕ್ಷೆ ಇದೆ. ಕೀ ಆಫ್ ಮಾಡಿ ಫ್ಲೋಟಿನ ಕಪ್ಲರ್ ಬಿಚ್ಚಿ. ಕೀ ಆನ್ ಮಾಡಿ ಮುಳ್ಳು ಎಲ್ಲಿದೆ ನೋಡಿ. ಮತ್ತೆ ಕೀ ಆಫ್ ಮಾಡಿ, ಮೀಟರಿಗೆ ಹೋಗುವ ವೈರನ್ನು ಒಂದು ತುಂಡು ವೈರಿನಿಂದ ಬಾಡಿಗೆ ಕೂಡಿಸಿ, ಕೆಲವೇ ಸೆಕೆಂಡು ಕೀ ಆನ್ ಮಾಡಿ. ಬಹಳಷ್ಟು ಗಾಡಿಗಳಲ್ಲಿ ಬಿಚ್ಚಿದಾಗ ಮುಳ್ಳು ಖಾಲಿಗೆ, ಬಾಡಿಗೆ ಕೂಡಿಸಿದಾಗ ಫುಲ್‌ಗೆ ಹೋಗುತ್ತದೆ. ಕೆಲವು ಗಾಡಿಗಳಲ್ಲಿ ಇದು ಉಲ್ಟಾ. ಹೇಗೇ ಇರಲಿ, ಮುಳ್ಳು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು ಅಂದರೆ ಮೀಟರ್ ಮತ್ತು ವೈರು ಎರಡೂ ಸರಿ ಇವೆ, ತಪ್ಪು ಫ್ಲೋಟಿನಲ್ಲೋ ಅದರ ಅರ್ಥಿಂಗಿನಲ್ಲೋ ಇದೆ. ಮುಳ್ಳು ಜಗ್ಗದಿದ್ದರೆ, ಇದೇ ಪರೀಕ್ಷೆಯನ್ನು ಮೀಟರಿನ ಹಿಂದಿನ ಕಪ್ಲರಿನಲ್ಲಿ ಮಾಡಿ. ಅಲ್ಲಿ ಓಡಾಡಿದರೆ ಮಧ್ಯದ ವೈರು ತುಂಡಾಗಿದೆ.

ಪೆಟ್ರೋಲ್ ಗಾಡಿಯಾದರೆ ದಯವಿಟ್ಟು ಹುಷಾರು. ಟ್ಯಾಂಕಿನ ಬಾಯಿ ತೆರೆದಿರುವಾಗ ಈ ಪರೀಕ್ಷೆ ಮಾಡಲೇಬೇಡಿ. ಕೀ ಆನ್ ಇಟ್ಟು ವೈರು ಮುಟ್ಟಿಸಿದರೆ ಸಣ್ಣ ಕಿಡಿ ಹಾರುತ್ತದೆ. ಪೆಟ್ರೋಲ್ ಆವಿಗೆ ಅಷ್ಟೇ ಸಾಕು. ಅದಕ್ಕೇ ಮೊದಲು ವೈರು ಕೂಡಿಸಿ, ಆಮೇಲೆ ಕೀ ಅಂತ ಹೇಳಿದ್ದು.

ನಮ್ಮ ಫ್ಲೋಟ್ ಹೊರಗೆ ತೆಗೆದು, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಕೈಯನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎತ್ತಿದೆವು. ಅಂಕಿ ಸರಾಗವಾಗಿ ಬದಲಾಗುತ್ತಾ ಬಂತು. ಮಧ್ಯದಲ್ಲಿ ಒಂದು ಕಡೆ ಪೂರ್ತಿ ಕಡಿದುಹೋಯಿತು. ಇನ್ನಷ್ಟು ಎತ್ತಿದರೆ ಮತ್ತೆ ಬಂತು. ಪಟ್ಟಿಯನ್ನು ಬೆಳಕಿಗೆ ಹಿಡಿದರೆ ಆ ಜಾಗದಲ್ಲಿ ಸವೆದು ಗೆರೆ ಬಿದ್ದಿತ್ತು. ವರ್ಷಗಟ್ಟಲೆ ಅರ್ಧ ಟ್ಯಾಂಕಿನ ಆಸುಪಾಸಿನಲ್ಲೇ ಓಡಿಸಿದ ಗಾಡಿ, ಸವೆದದ್ದೂ ಅಲ್ಲೇ. ಫ್ಲೋಟ್ ಒಂದನ್ನೇ ಬದಲಿಸಿದೆವು. ಮುಳ್ಳು ಯಾವಾಗಲೂ ಖಾಲಿ ತೋರಿಸುತ್ತಿದ್ದರೆ ಉಂಡೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ. ತೂತಾಗಿ ಒಳಗೆ ಎಣ್ಣೆ ತುಂಬಿಕೊಂಡಿದ್ದರೆ ಅದು ತೇಲುವುದೇ ಇಲ್ಲ.

ಹೀಟ್ ಮೀಟರನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಮೇ ತಿಂಗಳಲ್ಲಿ 42, 43 ಡಿಗ್ರಿ ದಾಟುವ ಊರು ನಮ್ಮದು. ಮುಳ್ಳು ಏರಿದರೆ ಮೊದಲು ಗಾಡಿ ನಿಲ್ಲಿಸಿ, ಆಮೇಲೆ ಅದು ನಿಜವೋ ಸುಳ್ಳೋ ನೋಡಿ. ಇಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಇಂಜಿನ್ ತಣ್ಣಗಾದ ಮೇಲೆ ಕೂಲಂಟ್ ನೋಡಿ, ಬೆಲ್ಟ್ ನೋಡಿ, ಫ್ಯಾನ್ ನೋಡಿ. ಎಲ್ಲ ಸರಿ ಇದ್ದರೆ ಮಾತ್ರ ಸೆನ್ಸರಿನ ಕಡೆ ಬನ್ನಿ. ಈ ಸೆನ್ಸರ್ ಬಿಸಿಯಾದಷ್ಟೂ ಅದರ ಓಮ್ ಕಡಿಮೆಯಾಗುತ್ತದೆ. ಹಾಗಾಗಿ ಹಳೇ ಗಾಡಿಯ ಒಂಟಿ ವೈರಿನ ಸೆನ್ಸರಾದರೆ, ವೈರು ಬಿಚ್ಚಿದಾಗ ಮುಳ್ಳು ತಣ್ಣಗಿನ ತುದಿಗೆ, ಬಾಡಿಗೆ ಕೂಡಿಸಿದಾಗ ಬಿಸಿಯ ತುದಿಗೆ ಹೋಗಬೇಕು. ಸೆನ್ಸರನ್ನು ತಿರುಗಿಸಿ ಬಿಗಿಯುವ ಮರೆಯೇ (ಥ್ರೆಡ್) ಅದರ ಅರ್ಥಿಂಗ್. ಸೋರಬಾರದು ಅಂತ ಅದಕ್ಕೆ ಟೇಪ್ ಜಾಸ್ತಿ ಸುತ್ತಿದರೆ ಅರ್ಥಿಂಗ್ ಕೈಕೊಟ್ಟು ಮುಳ್ಳು ಕಡಿಮೆ ತೋರಿಸುತ್ತದೆ. ಇನ್ನೊಂದು ಅಪಾಯದ ಮಾತು: ಕೂಲಂಟ್ ಪೂರ್ತಿ ಇಳಿದುಹೋದರೆ ಸೆನ್ಸರ್ ನೀರಿನಲ್ಲಿ ಮುಳುಗಿರುವುದಿಲ್ಲ. ಆಗ ಇಂಜಿನ್ ಸುಡುತ್ತಿದ್ದರೂ ಮುಳ್ಳು ಆರಾಮಾಗಿ ಕೆಳಗೇ ಇರಬಹುದು.

ಕೆಂಪು ಲೈಟುಗಳ ವಿಷಯದಲ್ಲಿ ಒಂದು ರೂಢಿ ಮಾಡಿಕೊಳ್ಳಿ. ಕೀ ಆನ್ ಮಾಡಿ, ಸೆಲ್ಫ್ ಹೊಡೆಯುವ ಮುಂಚೆ ಆಯಿಲ್ ಲೈಟ್ ಮತ್ತು ಬ್ಯಾಟರಿ ಲೈಟ್ ಎರಡೂ ಉರಿಯುತ್ತವಾ ನೋಡಿ. ಉರಿಯದ ಲೈಟು ಎಲ್ಲ ಚೆನ್ನಾಗಿದೆ ಅಂತ ಹೇಳುತ್ತಿಲ್ಲ. ಬಲ್ಬ್ ಹೋಗಿರಬಹುದು. ಆಯಿಲ್ ಲೈಟ್ ಉರಿಯದಿದ್ದರೆ ಇಂಜಿನ್ನಿನ ಆಯಿಲ್ ಸ್ವಿಚ್ಚಿನ ವೈರು ತೆಗೆದು ಬಾಡಿಗೆ ಮುಟ್ಟಿಸಿ. ಉರಿದರೆ ಸ್ವಿಚ್ ಹೋಗಿದೆ, ಉರಿಯದಿದ್ದರೆ ಬಲ್ಬೋ ವೈರೋ. ಆದರೆ ಗಾಡಿ ಓಡುವಾಗ ಆಯಿಲ್ ಲೈಟ್ ಹತ್ತಿದರೆ ಸೆನ್ಸರ್ ಇರಬಹುದು ಅಂದುಕೊಂಡು ಊರು ಮುಟ್ಟಲು ಹೋಗಬೇಡಿ. ಅಲ್ಲೇ ಇಂಜಿನ್ ಆಫ್ ಮಾಡಿ, ಆಯಿಲ್ ಕಡ್ಡಿ ತೆಗೆದು ನೋಡಿ.

ಬ್ಯಾಟರಿ ಲೈಟಿನದು ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ. ಅನೇಕ ಹಳೇ ಗಾಡಿಗಳಲ್ಲಿ ಆಲ್ಟರ್ನೇಟರ್ ಚಾರ್ಜ್ ಶುರು ಮಾಡಲು ಬೇಕಾದ ಮೊದಲ ಕರೆಂಟು ಆ ಪುಟ್ಟ ಬಲ್ಬಿನ ಮೂಲಕವೇ ಹೋಗುತ್ತದೆ. ಬಲ್ಬ್ ಸುಟ್ಟರೆ ಚಾರ್ಜೇ ಆಗದೆ ಇರಬಹುದು. ಚೆಂದ ಕಾಣಲಿ ಅಂತ ಆ ಜಾಗಕ್ಕೆ ಎಲ್‌ಇಡಿ ಹಾಕಿದರೂ ಕೆಲವೊಮ್ಮೆ ಇದೇ ಪಾಡು, ಯಾಕಂದರೆ ಎಲ್‌ಇಡಿ ಅಷ್ಟು ಕರೆಂಟು ಬಿಡುವುದಿಲ್ಲ.

ಕಿಲೋಮೀಟರ್ ಮುಳ್ಳು ಕೇಬಲಿನದಾದರೆ ಲೆಕ್ಕ ಸರಳ. ಮುಳ್ಳೂ ನಿಂತು ಅಂಕಿಗಳೂ ನಿಂತಿದ್ದರೆ ಕೇಬಲ್ ತುಂಡಾಗಿದೆ, ಇಲ್ಲವೇ ಗೇರ್‌ಬಾಕ್ಸ್ ಕಡೆಯ ಹಲ್ಲು ಸವೆದಿದೆ. ಅಂಕಿ ಓಡುತ್ತಾ ಮುಳ್ಳು ಮಾತ್ರ ನಿಂತಿದ್ದರೆ ಕೇಬಲ್ ಸರಿ ಇದೆ, ಮೀಟರೇ ಕೆಟ್ಟಿದೆ. ಮುಳ್ಳು ತೊಯ್ದಾಡುತ್ತಾ ಕಿರಕಿರ ಸದ್ದು ಬಂದರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಮಡಚಿಕೊಂಡಿದೆ. ಗ್ರೀಸ್ ಹಾಕುವಾಗ ಮೀಟರ್ ಕಡೆಯ ತುದಿಗೆ ಹಾಕಬೇಡಿ. ಅದು ಮೀಟರಿನೊಳಗೆ ಏರಿ ಅಂಟಾಗಿ ಕೂರುತ್ತದೆ. ಕೇಬಲ್ ಇಲ್ಲದೆ ಸೆನ್ಸರ್ ಇರುವ ಗಾಡಿಯಾದರೆ ಮೊದಲು ಗೇರ್‌ಬಾಕ್ಸಿನ ಮೇಲಿನ ಸೆನ್ಸರ್ ಕಪ್ಲರನ್ನು ಬಿಚ್ಚಿ ಸ್ವಚ್ಛ ಮಾಡಿ ನೋಡಿ.

ಇಷ್ಟೆಲ್ಲ ನೋಡಿದ ಮೇಲೂ ತಪ್ಪು ಸಿಗದಿದ್ದರೆ ಆಗ ಮೀಟರ್ ಬೋರ್ಡ್ ಬಿಚ್ಚುವ ಸರದಿ. ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಹಳದಿ ಕಪ್ಲರುಗಳನ್ನು ಮುಟ್ಟಬೇಡಿ, ಅವುಗಳಿಗೆ ಟೆಸ್ಟ್ ಲ್ಯಾಂಪ್ ಹಚ್ಚಲೇಬೇಡಿ. ಹಳೇ ಬೋರ್ಡಿನ ಹಿಂದೆ ಪ್ಲಾಸ್ಟಿಕ್ ಹಾಳೆಯ ಮೇಲೆ ತಾಮ್ರದ ಗೆರೆಗಳಿರುತ್ತವೆ. ಕಪ್ಲರ್ ಕೂರುವ ಜಾಗದಲ್ಲಿ ಆ ಗೆರೆ ಕಪ್ಪಾಗಿದ್ದರೆ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಪಾಲಿಶ್ ಪೇಪರ್ ಬೇಡ, ತಾಮ್ರವೇ ಎದ್ದುಹೋಗುತ್ತದೆ.

ಡ್ಯಾಶ್‌ಬೋರ್ಡಿಗೆ ತಟ್ಟಿದರೆ ಮೀಟರ್ ಬದುಕುತ್ತದೆ, ರಸ್ತೆಯ ಗುಂಡಿಯಲ್ಲಿ ಗಾಡಿ ಹಾರಿದರೆ ಸಾಯುತ್ತದೆ ಅಂದರೆ ಬೋರ್ಡಿನ ಬೆಸುಗೆ ಬಿರುಕು ಬಿಟ್ಟಿರುವ ಸಾಧ್ಯತೆ ಜಾಸ್ತಿ. ಬಿಸಿಲಿಗೆ ಬೆಸುಗೆ ಕರಗುವುದಿಲ್ಲ. ಹಳೇ ನಮೂನೆಯ ತವರ-ಸೀಸದ ಬೆಸುಗೆ ಕರಗಲು 183 ಡಿಗ್ರಿಯಾದರೂ ಬೇಕು. ಆದರೆ ದಿನವೂ ಮಧ್ಯಾಹ್ನ ಕಾದು ಹಿಗ್ಗಿ, ರಾತ್ರಿ ತಣಿದು ಕುಗ್ಗಿ, ಕಪ್ಲರಿನ ಪಿನ್ನುಗಳ ಸುತ್ತ ಉಂಗುರದ ಹಾಗೆ ಬಿರುಕು ಬೀಳುತ್ತದೆ. ಭೂತಕನ್ನಡಿ ಹಿಡಿದರೆ ಕಾಣುತ್ತದೆ. ಹೊಸ ಬೆಸುಗೆ ಕೊಟ್ಟರೆ ಸರಿಹೋಗುತ್ತದೆ. ಟಿವಿ ರಿಪೇರಿ ಮಾಡುವವರಿಗೆ ಇದು ಹತ್ತು ನಿಮಿಷದ ಕೆಲಸ. ಡಿಜಿಟಲ್ ಮೀಟರಿನಲ್ಲಿ ಅಕ್ಷರ ಮಂಕಾದರೆ ಕೆಪಾಸಿಟರುಗಳನ್ನೂ ನೋಡಲು ಹೇಳಿ, ಬಿಸಿಗೆ ಅವು ಒಣಗುತ್ತವೆ.

ಗುಜರಿಯಿಂದ ಹಳೇ ಮೀಟರ್ ತಂದು ಹಾಕುವವರು ಒಂದು ವಿಷಯ ನೋಡಿಕೊಳ್ಳಬೇಕು. ಮೀಟರ್ ಮತ್ತು ಫ್ಲೋಟ್ ಜೋಡಿ ಇದ್ದ ಹಾಗೆ. ಬೇರೆ ಮಾದರಿಯ ಮೀಟರ್ ಹಾಕಿದರೆ ಓಮ್ ಲೆಕ್ಕ ತಪ್ಪಿ ಅರ್ಧ ಟ್ಯಾಂಕು ಮುಕ್ಕಾಲಾಗಿ ಕಾಣಬಹುದು. ಹಳೇ ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಇತ್ತು ಅಂತ ಫೋಟೋ ತೆಗೆದು ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಮುಂದೆ ಗಾಡಿ ಕೊಳ್ಳುವವರಿಗೆ ಅದನ್ನು ತೋರಿಸುವುದು ನಮ್ಮ ಕರ್ತವ್ಯ.

ಬೋರ್ಡ್ ವಾಪಸ್ ಕೂರಿಸುವಾಗ ಸ್ಕ್ರೂ ಹಾಕುವ ಮುಂಚೆ ಕಪ್ಲರ್ ಸಿಕ್ಕಿಸಿ, ಬ್ಯಾಟರಿ ಕೂಡಿಸಿ, ಎಲ್ಲ ಲೈಟುಗಳನ್ನೂ ಒಮ್ಮೆ ಹಾಕಿ ನೋಡಿ. ಆಮೇಲೆ ಫ್ಲೋಟ್ ಬದಲಿಸಿದ್ದರೆ, ಟ್ಯಾಂಕ್ ಬಹುತೇಕ ಖಾಲಿ ಇರುವಾಗಲೇ ಬಂಕಿಗೆ ಹೋಗಿ. ಐದೈದು ಲೀಟರ್ ಹಾಕಿಸುತ್ತಾ ಪ್ರತಿ ಸಲ ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ಬರೆದುಕೊಳ್ಳಿ. ನಮ್ಮ ಜೀಪಿನಲ್ಲಿ ಮುಳ್ಳು ಕಾಲು ಗೆರೆಗೆ ಬಂದಾಗ ಟ್ಯಾಂಕಿನಲ್ಲಿ 11 ಲೀಟರ್ ಇರುತ್ತದೆ. ಆ ಲೆಕ್ಕದ ಚೀಟಿ ಸನ್ ವೈಸರಿನ ಹಿಂದೆ ಈಗಲೂ ಇದೆ.